ಮಂಕಾದ ಮೋಟರ್‌ಹೋಮ್‌ಗೆ ಮತ್ತೆ ಹೊಳಪು

ನಿಮ್ಮ ಮೋಟರ್‌ಹೋಮ್‌ನ ಫೈಬರ್‌ಗ್ಲಾಸ್ ಮೈ ಮೇಲೆ ಬೆರಳಾಡಿಸಿ ನೋಡಿ. ಸೀಮೆಸುಣ್ಣದಂಥ ಬಿಳಿ ಪುಡಿ ಅಂಟಿತಾ? ಅದು ಬರೀ ಧೂಳಲ್ಲ, ಬಿಸಿಲಿನ ನೇರಳಾತೀತ ಕಿರಣಕ್ಕೆ ಸವೆದ ಜೆಲ್‌ಕೋಟ್, ಅಂದರೆ ಫೈಬರ್‌ಗ್ಲಾಸ್ ಮೇಲಿನ ಹೊಳಪಿನ ಹೊರಪದರ. ಆ ಪದರ ಇರೋದೇ ಸುಮಾರು 0.5 ಮಿಲಿಮೀಟರ್ ದಪ್ಪ. ಹಾಗಾಗಿ ದಯವಿಟ್ಟು ಆತುರಪಟ್ಟು ಉಜ್ಜಬೇಡಿ.

ಗಾಡಿ ನೆರಳಲ್ಲಿರಲಿ. ತೊಳೆದು, ಪೂರ್ತಿ ಒಣಗಿಸಿ, ಸ್ಟಿಕರ್ ಪಟ್ಟಿಗಳ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ. ರಬ್ಬಿಂಗ್ ಕಾಂಪೌಂಡನ್ನ ಮೊದಲು ಮೂಲೆಯಲ್ಲಿ ಅಂಗೈಯಗಲ ಜಾಗಕ್ಕೆ ಹಚ್ಚಿ ನೋಡಿ. ನಯವಾದ ಕಾಂಪೌಂಡ್‌ನಲ್ಲೇ ಹೊಳಪು ಬಂದರೆ ಒರಟಾದದ್ದನ್ನ ಮುಟ್ಟಲೇಬೇಡಿ! ಪಾಲಿಶಿಂಗ್ ಮಷಿನ್ ನಿಧಾನಕ್ಕೆ ತಿರುಗಲಿ, ಕೈ ಆಡ್ತಾನೇ ಇರಲಿ. ಒಂದೇ ಕಡೆ ನಿಂತರೆ ಬಿಸಿಗೆ ಜೆಲ್‌ಕೋಟ್ ಸುಟ್ಟುಹೋಗುತ್ತೆ.

ಹೊಳಪು ಬಂತು ಅಂತ ಅಲ್ಲಿಗೇ ನಿಲ್ಲಿಸಬೇಡಿ. ಮೇಲೊಂದು ಪದರ ವ್ಯಾಕ್ಸ್ ಇಲ್ಲದಿದ್ದರೆ ಬಿಸಿಲು ಮತ್ತೆ ಜೆಲ್‌ಕೋಟನ್ನ ಸವೆಸುತ್ತೆ. ವರ್ಷಕ್ಕೆ 2 ಸಲವಾದರೂ ವ್ಯಾಕ್ಸ್ ಹಚ್ಚಿ.