ಪ್ಲಗ್ ಕೀಳದೆ ಬ್ಯಾಟರಿ ತೆಗೆದರೆ

‘ಪ್ರೊಸೆಸರಿನ ವೇಗ ಸ್ವಲ್ಪ ಏರಿಸಿ ಸೇವ್ ಮಾಡಿದೆ. ಈಗ ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು. ಬ್ಯಾಟರಿ ತೆಗೆದು ಹಾಕಿದರೂ ಅದೇ ಕಥೆ. ಪ್ರೊಸೆಸರ್ ಸುಟ್ಟುಹೋಯಿತೇ?’ ಇದು ಓದುಗರೊಬ್ಬರ ಪ್ರಶ್ನೆ.

ಮಿತಿಮೀರಿ ವೋಲ್ಟೇಜ್ ಕೊಟ್ಟಿರದಿದ್ದರೆ ಹಾಗಾಗಿರುವ ಸಾಧ್ಯತೆ ತೀರಾ ಕಡಿಮೆ. 100 ಮೆಗಾಹರ್ಟ್ಸ್‌ನ ಮೂಲ ಗಡಿಯಾರವನ್ನು 50ರಿಂದ ಗುಣಿಸಿದರೆ 5 ಗಿಗಾಹರ್ಟ್ಸ್. ಆಗ ಒಂದೊಂದು ಮಿಡಿತಕ್ಕೆ ಸಿಗುವ ಸಮಯ ಸೆಕೆಂಡಿನ 500 ಕೋಟಿಯಲ್ಲೊಂದು ಪಾಲು. ಅಷ್ಟರಲ್ಲಿ ಸಂಕೇತ ತಲುಪಬೇಕಾದಲ್ಲಿಗೆ ತಲುಪದಿದ್ದರೆ ಲೆಕ್ಕ ತಪ್ಪುತ್ತದೆ, ಯಂತ್ರ ನಿಂತುಬಿಡುತ್ತದೆ. 1998ರ ಇಂಟೆಲ್ ಸೆಲೆರಾನ್ 300ಎ ಹೀಗೆ ವೇಗ ಏರಿಸುವುದಕ್ಕೆ ಹೆಸರಾದ ಉದಾಹರಣೆ. ಅದರ ಮೂಲ ಗಡಿಯಾರವಾದ ಬಸ್ ವೇಗವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿ, 300 ಮೆಗಾಹರ್ಟ್ಸ್‌ನ ಅಗ್ಗದ ಚಿಪ್ಪನ್ನು 450ರಲ್ಲಿ ಓಡಿಸಿದವರು ಅಸಂಖ್ಯ. ಓಡದ ಚಿಪ್ಪುಗಳೂ ಇದ್ದವು. ಮತ್ತೆ 66ಕ್ಕೆ ಇಳಿಸಿದರೆ ಅವು ಎಂದಿನಂತೆ ಕೆಲಸ ಮಾಡುತ್ತಿದ್ದವು.

ಹಾಗಾದರೆ ಇಳಿಸಲು ಏನು ತೊಂದರೆ? ವೇಗ ತಗ್ಗಿಸಬೇಕಾದರೆ ಬಯೋಸ್ ಎಂಬ ಸೆಟ್ಟಿಂಗ್ ಪರದೆ ತೆರೆಯಬೇಕು. ಬಯೋಸ್ ತೆರೆಯುವ ಮೊದಲೇ ಮದರ್‌ಬೋರ್ಡ್ ಆ ಹೊಸ ವೇಗವನ್ನೇ ಪ್ರೊಸೆಸರಿಗೆ ಹೇರಿರುತ್ತದೆ! ಇದನ್ನು ಬಲ್ಲ ತಯಾರಕರು ಅನೇಕ ಬೋರ್ಡುಗಳಲ್ಲಿ ಸೊಗಸಾದ ಉಪಾಯವೊಂದನ್ನು ಅಡಗಿಸಿಟ್ಟಿದ್ದಾರೆ. ಸತತವಾಗಿ ಕೆಲವು ಸಲ ಆರಂಭ ವಿಫಲವಾದರೆ ಬೋರ್ಡ್ ತಾನಾಗಿಯೇ ಹಳೆಯ ಸುರಕ್ಷಿತ ವೇಗಕ್ಕೆ ಮರಳುತ್ತದೆ. ಕಂಪ್ಯೂಟರ್ ಆನ್ ಆಗಿ, ಆಫ್ ಆಗಿ, ಮತ್ತೆ ಆನ್ ಆಗುತ್ತಿದ್ದರೆ ಅದು ನಡೆಸುತ್ತಿರುವುದು ಈ ಪ್ರಯತ್ನವೇ ಇರಬಹುದು.

ಬ್ಯಾಟರಿಯ ವಿಷಯ ಇನ್ನೂ ಸ್ವಾರಸ್ಯಕರ. 20 ಮಿಲಿಮೀಟರ್ ಅಗಲದ, 3 ವೋಲ್ಟಿನ ಸಿಆರ್2032 ಬಿಲ್ಲೆ ನೀವು ಸೇವ್ ಮಾಡಿದ ಆಯ್ಕೆಗಳನ್ನು ನೆನಪಿಡುವ ಸೀಮಾಸ್ ಎಂಬ ಪುಟ್ಟ ಸ್ಮೃತಿಯನ್ನು ಕಾಯುತ್ತದೆ. ಆದರೆ ಅದು ಕಾಯುವುದು ಗೋಡೆಯ ಕರೆಂಟ್ ಇಲ್ಲದಾಗ ಮಾತ್ರ. ಕಂಪ್ಯೂಟರ್ ಆಫ್ ಮಾಡಿದ್ದರೂ ಪ್ಲಗ್ ಹಾಕಿ ಸ್ವಿಚ್ ಆನ್ ಇಟ್ಟಿದ್ದರೆ ವಿದ್ಯುತ್ ಪೂರೈಸುವ ಪೆಟ್ಟಿಗೆಯಾದ ಎಸ್‌ಎಂಪಿಎಸ್ 5 ವೋಲ್ಟಿನ ಸ್ಟ್ಯಾಂಡ್‌ಬೈ ವಿದ್ಯುತ್ತನ್ನು ಕಳಿಸುತ್ತಲೇ ಇರುತ್ತದೆ, ಸೀಮಾಸ್ ಅದರಲ್ಲೇ ಎಚ್ಚರವಾಗಿರುತ್ತದೆ. ಪ್ಲಗ್ ಇದ್ದಂತೆಯೇ ಬ್ಯಾಟರಿ ತೆಗೆದು, ಏನೂ ಬದಲಾಗಲಿಲ್ಲವೆಂದು ಪ್ರೊಸೆಸರನ್ನು ದೂರುವವರು ಎಷ್ಟೋ ಮಂದಿ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ಒಂದಿಷ್ಟು ವಿದ್ಯುತ್ ಉಳಿದಿರುತ್ತದೆ; ಪವರ್ ಬಟನ್ ಒತ್ತಿ ಹಿಡಿದು ಅದನ್ನೂ ಖಾಲಿ ಮಾಡಬೇಕು. ‘ರಾತ್ರಿಯಿಡೀ ಬಿಡಿ, ಯಂತ್ರಕ್ಕೆ ವಿಶ್ರಾಂತಿ ಬೇಕು’ ಎಂಬ ಸಲಹೆ ಶುದ್ಧ ಮೂಢನಂಬಿಕೆ. ಬರಿದಾಗಬೇಕಾದದ್ದು ವಿದ್ಯುತ್ತು, ಯಂತ್ರಕ್ಕೆ ದಣಿವೆಂಬುದಿಲ್ಲ.

ಇಂದಿನ ಹಲವು ಬೋರ್ಡುಗಳು ಕೆಲವು ಆಯ್ಕೆಗಳನ್ನು ಫ್ಲ್ಯಾಶ್ ಸ್ಮೃತಿಯಲ್ಲಿ ಬರೆದಿಡುತ್ತವೆ. ಅದಕ್ಕೆ ಬ್ಯಾಟರಿಯ ಹಂಗೇ ಇಲ್ಲ. ಆದ್ದರಿಂದ ‘ಕ್ಲಿಯರ್ ಸೀಮಾಸ್’ ಎಂದು ಗುರುತು ಮಾಡಿದ ಎರಡು ಪಿನ್ನುಗಳು ಅಥವಾ ಬಟನ್ ಇದ್ದರೆ, ಕೈಪಿಡಿ ನೋಡಿ ಅದನ್ನೇ ಬಳಸುವುದು ಸರಿಯಾದ ದಾರಿ.

ಇಷ್ಟಾದ ಮೇಲೂ ಪರದೆ ಕೂಡಲೇ ಬೆಳಗದಿದ್ದರೆ ಗಾಬರಿಯಾಗಬೇಕಿಲ್ಲ. ಡಿಡಿಆರ್5 ರ‍್ಯಾಮ್ ಇರುವ ಯಂತ್ರವು ಸೀಮಾಸ್ ಅಳಿಸಿದ ಬಳಿಕ ರ‍್ಯಾಮ್ ಜೊತೆಗಿನ ಸಂಕೇತಗಳ ಸಮಯವನ್ನು ಹೊಸದಾಗಿ ಹೊಂದಿಸಿಕೊಳ್ಳುತ್ತದೆ, ಕೆಲವೊಮ್ಮೆ ಹಲವು ನಿಮಿಷಗಳ ಕಾಲ. ಆ ಹೊತ್ತಿನಲ್ಲಿ ಪವರ್ ಬಟನ್ ಒತ್ತಿದರೆ ಇಡೀ ಕೆಲಸ ಮೊದಲಿನಿಂದ ಶುರುವಾಗಬೇಕಾಗುತ್ತದೆ.