ಎದೆಯ ಗಂಟು: ರೋಗ ಗುರುತಿಸುವುದು ಹೇಗೆ? ಗುರುತಿಸುವಲ್ಲಿ ತಪ್ಪಾದರೆ ಕಾನೂನು ಏನನ್ನುತ್ತದೆ?

ಸ್ತನದಲ್ಲಿ ಕೈಗೆ ಸಿಗುವ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಹಾಲು ಕಟ್ಟುವುದು, ಬಾವು, ನೀರು ತುಂಬಿದ ಗುಳ್ಳೆ, ಹರೆಯದವರಲ್ಲಿ ಕಾಣುವ ನಿರಪಾಯದ ಗಡ್ಡೆ ಇವೇ ಹೆಚ್ಚು. ಆದರೆ ಯಾವುದು ನಿರಪಾಯ, ಯಾವುದು ಕ್ಯಾನ್ಸರ್ ಎಂದು ಕೈಯಿಂದ ಮುಟ್ಟಿ ನೋಡಿ ಮಾತ್ರ ಖಚಿತವಾಗಿ ಹೇಳಲು ಯಾವ ವೈದ್ಯರಿಗೂ ಆಗದು. ಎಡವುವುದು ಇಲ್ಲಿಯೇ.

2022ರ ಅಂತಾರಾಷ್ಟ್ರೀಯ ಅಂದಾಜಿನ ಪ್ರಕಾರ ಭಾರತದಲ್ಲಿ ಆ ಒಂದು ವರ್ಷದಲ್ಲಿ ಸುಮಾರು 1.92 ಲಕ್ಷ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಪತ್ತೆಯಾಯಿತು. ಸುಮಾರು 98 ಸಾವಿರ ಮಂದಿ ಅದರಿಂದ ತೀರಿಕೊಂಡರು. ಬೇಗ ತಿಳಿದರೆ ಗುಣವಾಗಬಲ್ಲ ಕಾಯಿಲೆ ಇದು. ತಡವಾಗುವುದೇ ದೊಡ್ಡ ಅಪಾಯ.

ಗಮನಿಸಬೇಕಾದ ಲಕ್ಷಣಗಳು

ಸ್ತನದಲ್ಲಿ ಅಥವಾ ಕಂಕುಳಲ್ಲಿ ಗಟ್ಟಿ ಗಂಟು, ಚರ್ಮ ಕುಳಿಬೀಳುವುದು ಅಥವಾ ಕಿತ್ತಳೆ ಸಿಪ್ಪೆಯಂತಾಗುವುದು, ತೊಟ್ಟು ಒಳಕ್ಕೆ ಎಳೆದುಕೊಳ್ಳುವುದು, ತೊಟ್ಟಿನಿಂದ ರಕ್ತ ಬರುವುದು, ವಾಸಿಯಾಗದ ಹುಣ್ಣು. ಆರಂಭದಲ್ಲಿ ಸಾಮಾನ್ಯವಾಗಿ ನೋವಿರುವುದಿಲ್ಲ. "ನೋವಿಲ್ಲ, ಬಿಡು" ಎಂದು ಮನೆಯವರು ಸುಮ್ಮನಾಗುವುದು ಇದಕ್ಕೇ. ಎದೆಹಾಲು ಕೊಡುವ ತಾಯಿಯ ಗಂಟನ್ನು ಹಾಲು ಕಟ್ಟಿದ್ದೆಂದು ತಿಂಗಳುಗಟ್ಟಲೆ ಬಿಡುವುದೂ ಸರಿಯಲ್ಲ. ಔಷಧಿಯಿಂದ ಎರಡು ಮೂರು ವಾರಗಳಲ್ಲಿ ಕರಗದಿದ್ದರೆ ಮುಂದಿನ ಪರೀಕ್ಷೆ ಕೇಳಬೇಕು.

ನಾಚಿಕೆಯಿಂದ ಹೇಳಿಕೊಳ್ಳದ ಸಹೋದರಿಯರು ನಮ್ಮಲ್ಲಿ ಬಹಳ. ಮಹಿಳಾ ವೈದ್ಯರನ್ನು ಕೇಳಬಹುದು. ಅವರಿಲ್ಲದಿದ್ದರೆ ಪುರುಷ ವೈದ್ಯರು ಪರೀಕ್ಷಿಸುವಾಗ ಇನ್ನೊಬ್ಬ ಹೆಣ್ಣುಮಗಳು ಜೊತೆಗಿರುವುದು ರೋಗಿಯ ಹಕ್ಕು. ಪರದೆಯ ಕಾರಣಕ್ಕೆ ತಪಾಸಣೆ ಮುಂದೂಡುವ ಅಗತ್ಯವಿಲ್ಲ.

ಮೂರು ಹಂತದ ಪರೀಕ್ಷೆ

ಮೊದಲನೆಯದು ವೈದ್ಯರು ಕೈಯಿಂದ ಮಾಡುವ ತಪಾಸಣೆ. ಎರಡನೆಯದು ಮ್ಯಾಮೊಗ್ರಾಂ ಅಥವಾ ಅಲ್ಟ್ರಾಸೌಂಡ್. ಕಿರಿಯ ವಯಸ್ಸಿನವರಿಗೆ ಸಾಮಾನ್ಯವಾಗಿ ಅಲ್ಟ್ರಾಸೌಂಡ್ ಹೆಚ್ಚು ಉಪಯುಕ್ತ. ಮೂರನೆಯದು ಬಯಾಪ್ಸಿ, ಅಂದರೆ ಸೂಜಿಯಿಂದ ಗಂಟಿನ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಮೂರರ ಫಲಿತಾಂಶವೂ ಒಂದಕ್ಕೊಂದು ಹೊಂದಬೇಕು. ಮ್ಯಾಮೊಗ್ರಾಂನಲ್ಲಿ ಏನೂ ಕಾಣದೆ ಗಂಟು ಮಾತ್ರ ಕೈಗೆ ಸಿಗುತ್ತಿದ್ದರೆ ವಿಷಯ ಅಲ್ಲಿಗೇ ಮುಗಿಯುವುದಿಲ್ಲ.

ತಪ್ಪು ಎರಡು ಬಗೆ

ಇರುವ ಕ್ಯಾನ್ಸರನ್ನು ಇಲ್ಲವೆನ್ನುವುದು ಒಂದು. ಇಲ್ಲದ್ದನ್ನು ಇದೆಯೆನ್ನುವುದು ಇನ್ನೊಂದು. 2019ರಲ್ಲಿ ಕೇರಳದ ಕೊಟ್ಟಾಯಂ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಎರಡನೆಯದು ನಡೆಯಿತು. ಒಬ್ಬ ಮಹಿಳೆಯ ಗಂಟಿನ ಮಾದರಿ ಕಾಲೇಜಿನ ಪ್ರಯೋಗಾಲಯಕ್ಕೂ ಖಾಸಗಿ ಪ್ರಯೋಗಾಲಯಕ್ಕೂ ಹೋಗಿತ್ತು. ಖಾಸಗಿ ವರದಿ ಮೊದಲು ಬಂತು, ಕ್ಯಾನ್ಸರ್ ಎಂದಿತು, ಕಿಮೊಥೆರಪಿ ಶುರುವಾಯಿತು. ಕಾಲೇಜಿನ ವರದಿ ಬಂದಾಗ ಕ್ಯಾನ್ಸರ್ ಇರಲಿಲ್ಲ. ಕಿಮೊಥೆರಪಿಗೆ ಅಥವಾ ಸ್ತನ ತೆಗೆಯುವುದಕ್ಕೆ ಮುನ್ನ ಬಯಾಪ್ಸಿಯ ಸ್ಲೈಡ್ ಮತ್ತು ಬ್ಲಾಕ್ ಪಡೆದು ಇನ್ನೊಂದು ಕಡೆ ತೋರಿಸುವುದು ಎಷ್ಟು ಮುಖ್ಯವೆಂಬುದಕ್ಕೆ ಈ ಪ್ರಕರಣವೇ ಸಾಕ್ಷಿ.

ಕಾನೂನಿನ ದಾರಿ

ಪ್ರತಿಯೊಂದು ತಪ್ಪೂ ಅಪರಾಧವಲ್ಲ. 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ: ಕ್ರಿಮಿನಲ್ ಮೊಕದ್ದಮೆಗೆ ಘೋರ ನಿರ್ಲಕ್ಷ್ಯ ಇರಬೇಕು. ಪರಿಹಾರ ಕೇಳಲು ಸಾಮಾನ್ಯ ನಿರ್ಲಕ್ಷ್ಯ ಸಾಕು. ಆದರೆ ಅದನ್ನು ರುಜುವಾತು ಮಾಡಬೇಕು. ಸಾಮಾನ್ಯ ಎಚ್ಚರವುಳ್ಳ ವೈದ್ಯರು ಮಾಡಿಸುತ್ತಿದ್ದ ಪರೀಕ್ಷೆಯನ್ನು ಇವರು ಮಾಡಿಸಲಿಲ್ಲ, ಅದರಿಂದಲೇ ಹಾನಿಯಾಯಿತು ಎಂದು ತೋರಿಸಬೇಕು. ಇದಕ್ಕೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಬಹಳ ಸಹಾಯಕ.

ಹಣ ಪಡೆದು ಕೊಡುವ ಚಿಕಿತ್ಸೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು 1995ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಚಿಕಿತ್ಸೆ ನಡೆದದ್ದು ಹುಬ್ಬಳ್ಳಿಯಲ್ಲಾದರೂ ಬಾದಾಮಿ, ಹುನಗುಂದ, ಇಳಕಲ್‌ನವರು ಬಾಗಲಕೋಟೆಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಅವಧಿ 2 ವರ್ಷ. ಕೊಟ್ಟ ಹಣ 5 ಲಕ್ಷ ರೂಪಾಯಿವರೆಗಿದ್ದರೆ ದೂರಿಗೆ ಶುಲ್ಕವಿಲ್ಲ. ಎಲ್ಲರಿಗೂ ಉಚಿತ ಚಿಕಿತ್ಸೆ ಕೊಡುವ ಆಸ್ಪತ್ರೆಯ ವಿಷಯ ಇಲ್ಲಿ ಬರುವುದಿಲ್ಲ. ಅದಕ್ಕೆ ಸಿವಿಲ್ ನ್ಯಾಯಾಲಯವಿದೆ. ವೈದ್ಯರ ವೃತ್ತಿನಡತೆಯ ಬಗ್ಗೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು.

ವಕೀಲರ ಖರ್ಚಿಗೆ ಹೆದರಬೇಕಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಉಚಿತ ಕಾನೂನು ನೆರವು ಉಂಟು. ತಾಲ್ಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ.

ಈಗಲೇ ಮಾಡಬೇಕಾದದ್ದು

ಪ್ರತಿ ಚೀಟಿ, ಬಿಲ್ಲು, ಸ್ಕ್ಯಾನ್ ಫಿಲ್ಮ್, ಬಯಾಪ್ಸಿ ವರದಿಯನ್ನು ತಾರೀಖಿನ ಕ್ರಮದಲ್ಲಿ ಒಂದೇ ಫೈಲಿನಲ್ಲಿಡಿ. ವೈದ್ಯಕೀಯ ನಿಯಮದಂತೆ ಒಳರೋಗಿಯ ದಾಖಲೆಗಳನ್ನು 3 ವರ್ಷ ಕಾಯ್ದಿಡಬೇಕು. ಕೇಳಿದ 72 ಗಂಟೆಯೊಳಗೆ ಕೊಡಬೇಕು. ಅರ್ಜಿಯನ್ನು ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಚಿಕಿತ್ಸೆಯನ್ನು ಮಾತ್ರ ವ್ಯಾಜ್ಯಕ್ಕಾಗಿ ನಿಲ್ಲಿಸಬೇಡಿ. ಬಾಗಲಕೋಟೆ ನವನಗರದಲ್ಲಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಿದೆ. ಹುಬ್ಬಳ್ಳಿಯಲ್ಲಿ ಕ್ಯಾನ್ಸರ್ ಆಸ್ಪತ್ರೆಯಿದೆ. ಬೆಂಗಳೂರಿನಲ್ಲಿ ರಫಿ ಅಹ್ಮದ್ ಕಿದ್ವಾಯಿಯವರ ಹೆಸರಿನ ಕಿದ್ವಾಯಿ ಸ್ಮಾರಕ ಸಂಸ್ಥೆ 1973ರಿಂದ ಇದೆ. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಇಳಕಲ್‌ನಲ್ಲಿ ಮಗ್ಗದ ಮುಂದೆ ಕುಳಿತ ಹೆಣ್ಣುಮಗಳಿಗೆ ಒಂದು ದಿನದ ಕೂಲಿ ದೊಡ್ಡದೇ. ಆದರೂ ಗಂಟು ಕಂಡರೆ ಆ ಒಂದು ದಿನವನ್ನು ಆಸ್ಪತ್ರೆಗೆ ಕೊಡಲಿ. ಮನೆಯ ಗಂಡಸರು ಜೊತೆಗೆ ಹೋಗಲಿ. ಕಾನೂನು ಪರಿಹಾರ ಕೊಡಿಸಬಹುದು, ಕಳೆದ ತಿಂಗಳುಗಳನ್ನು ಅದು ಹಿಂದಿರುಗಿಸಲಾರದು.