ನಾಯಿಗೆ ನೂಡಲ್ಸ್ ಹಾಕುವ ಮೊದಲು

ಹೋಟೆಲ್ ಬಂಧುಗಳೇ,

ನಮ್ಮ ಮುಂಬಯಿ ಹೋಟೆಲಿನ ಹಿಂಬಾಗಿಲಲ್ಲಿ ಎಂಟು ವರ್ಷದಿಂದ ಒಂದು ಬೀದಿನಾಯಿ ಕಾವಲಿತ್ತು. ರಾತ್ರಿ ಚೈನೀಸ್ ಕೌಂಟರಿನಲ್ಲಿ ಉಳಿದ ನೂಡಲ್ಸನ್ನು ಹುಡುಗರು ಅದಕ್ಕೆ ಹಾಕುತ್ತಿದ್ದರು. ಪುಣ್ಯದ ಕೆಲಸವೆಂದು ನಾನೂ ಸುಮ್ಮನಿದ್ದೆ. ಕಳೆದ ವರ್ಷ ಅದು ಎದ್ದು ನಿಲ್ಲಲಾರದಾಯಿತು, ಮೂತ್ರ ಕೆಂಪಾಯಿತು. ಪಶುವೈದ್ಯರು ಬಿಳಿಚಿದ ವಸಡು ನೋಡಿ, "ಈರುಳ್ಳಿ ತಿನ್ನಿಸಿದ್ದೀರಾ?" ಎಂದರು.

ಅವರಿಂದ ಕಲಿತದ್ದು ಇಷ್ಟು. ಈರುಳ್ಳಿ, ಬೆಳ್ಳುಳ್ಳಿ, ಸ್ಪ್ರಿಂಗ್ ಆನಿಯನ್ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ವಿಷ ಹೋಗುವುದಿಲ್ಲ. 10 ಕೆ.ಜಿ. ತೂಕದ ನಾಯಿಗೆ 150 ಗ್ರಾಂ ಈರುಳ್ಳಿ ಸಾಕು. ದಿನವೂ ಸ್ವಲ್ಪ ಸ್ವಲ್ಪ ತಿಂದರೂ ಅಪಾಯ. ಲಕ್ಷಣ ಕಾಣುವುದು ಕೆಲವು ದಿನಗಳ ನಂತರ. ಸೋಯಾ ಸಾಸಿನ ಉಪ್ಪೂ ಒಳ್ಳೆಯದಲ್ಲ.

ಈಗ ಕೆಲವರು ಮೆನುವಿಗೆ ಜಪಾನಿನ ಸೋಬಾ ನೂಡಲ್ಸ್ ಸೇರಿಸಿದ್ದಾರೆ. ಅದು ಬಕ್‌ವೀಟಿನದು. ನವರಾತ್ರಿ ಉಪವಾಸಕ್ಕೆ ಉತ್ತರ ಭಾರತದ ಗಿರಾಕಿಗಳು ಕೇಳುವ ಕುಟ್ಟು ಇದೇ. ಹೆಸರಲ್ಲಿ ವೀಟ್ ಇದ್ದರೂ ಗೋಧಿಯ ಜಾತಿಯಲ್ಲ. ಆದರೆ ಬಹಳಷ್ಟು ಸೋಬಾದಲ್ಲಿ ಗೋಧಿಹಿಟ್ಟೂ ಬೆರೆತಿರುತ್ತದೆ. ಗೋಧಿ ಒಗ್ಗದ ಸಾಕುನಾಯಿ ಇದ್ದರೆ ಪ್ಯಾಕೆಟ್ ಓದಿರಿ. ಬರೀ ನೀರಲ್ಲಿ ಬೇಯಿಸಿದ ಸೋಬಾ ಅಪರೂಪಕ್ಕೆ ಒಂದು ಹಿಡಿ ಕೊಟ್ಟರೆ ಸಾಮಾನ್ಯವಾಗಿ ಹಾನಿಯಿಲ್ಲ. ಸಾಸ್, ಈರುಳ್ಳಿ ಬಿದ್ದದ್ದು ಮಾತ್ರ ಬೇಡ. ತೊಳೆದು ಹಾಕಿದರೂ ಬೇಡ. ಸಾಂಬಾರು, ಮಸಾಲೆ ದೋಸೆಯ ಪಲ್ಯಕ್ಕೂ ಇದೇ ಮಾತು.

ನಮ್ಮ ನಾಯಿ ನಾಲ್ಕನೇ ದಿನ ತೀರಿಕೊಂಡಿತು. ಈಗ ಅದೇ ಜಾಗಕ್ಕೆ ಇನ್ನೊಂದು ಬಂದಿದೆ. ಅದರ ಪಾಲಿನ ಬಿಳಿ ಅನ್ನವನ್ನು ಒಗ್ಗರಣೆಗೆ ಮೊದಲೇ ಬೇರೆ ತೆಗೆದಿಡುತ್ತೇವೆ. ಖರ್ಚೇನೂ ಇಲ್ಲ. ನಿಮ್ಮ ಅಡುಗೆಯವರಿಗೂ ಇಂದೇ ಹೇಳಿಬಿಡಿ.